ಹಳೇ ಡಬ್ಬಿ

ತಿಪಟೂರು ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಕೂತು ಕಮರ್ ಜಹಾನ್ ಗಿರಾಕಿಯ ರವಿಕೆಗೆ ಹುಕ್ಕು ಹೊಲಿಯುತ್ತಿದ್ದಳು. ಪಕ್ಕದಲ್ಲಿ ಇಬ್ಬರು ಹೆಂಗಸರು.

"ನಿಮ್ಮೆಜಮಾನ್ರ ಉಬ್ಬಸದ ಔಷಧಿ ತಗೊಂಡ್ಯೇನೇ?"

"ಮೆಡಿಕಲ್ ಸ್ಟೋರಲ್ಲಿ ರೇಟ್ ಕೇಳಿ ನಂಗೇ ಉಬ್ಬಸ ಬಂತು ಕಣೇ. ಜನೌಷಧಿ ಅಂಗಡೀಲಿ ತಂದೆ."

"ಅಗ್ಗದ್ದು ಅಂದ್ರೆ ಅವರು ಸೇದಲ್ಲ ಅಂತಿದ್ದೆ?"

"ಮಷೀನಿಗೆ ಹಾಕಿ ಸೇದೋ ಕ್ಯಾಪ್ಸೂಲೆಲ್ಲ ದುಬಾರಿದರ ಹಳೇ ಡಬ್ಬಿಗೆ ತುಂಬಿಡ್ತೀನಿ."

"ಗೊತ್ತಾದ್ರೆ?"

"ವರ್ಷದಿಂದ ಚೆನ್ನಾಗೇ ಉಸಿರಾಡ್ತಾವ್ರೆ ಬುಡು. ದುಬಾರಿ ಔಷಧಿ ಹೆಂಗೆ ನಾಟ್ತು ನೋಡು ಅಂತ ನಂಗೇ ಹೇಳ್ತಾರೆ."

ಸಂಪಿಗೆ ಊರಿನ ಬಸ್ ಬಂತು. ಇಬ್ಬರೂ ನಗುತ್ತ ಹತ್ತಿದರು.

ಕಮರ್‌ಳ ಗಂಡ ಮುನಾವರ್‌ಗೂ ಉಬ್ಬಸವಿತ್ತು; ಅವನೂ ಅಗ್ಗದ ಔಷಧಿ ಮುಟ್ಟುತ್ತಿರಲಿಲ್ಲ. ದುಬಾರಿಯದನ್ನು ಉಳಿಸಲು ದಿನ ಬಿಟ್ಟು ದಿನ ಸೇದಿ, ರಾತ್ರಿಯೆಲ್ಲ ಗೋಡೆಗೊರಗಿ ಏದುಸಿರು ಬಿಡುತ್ತಿದ್ದ. ಅವನ ಔಷಧಿಯ ಖಾಲಿ ಡಬ್ಬಿ ಅವಳ ಚೀಲದಲ್ಲಿತ್ತು. ಅವಳು ದಾರ ಕಚ್ಚಿ ತುಂಡರಿಸಿ, ಡಬ್ಬಿಯ ಒಳಗನ್ನು ಸೆರಗಿನಿಂದ ಒರೆಸಿಟ್ಟುಕೊಂಡು, ಜನೌಷಧಿ ಅಂಗಡಿಯ ಕಡೆ ನಡೆದಳು.