ಟೇಪಿನ ಕೆಳಗಿನ ದೇಶ

ಚಿಕ್ಕೋಡಿ ಬಸ್ ನಿಲ್ದಾಣದ ಕಟ್ಟೆಯ ಮೇಲೆ ತಾಯಿ-ಮಗಳು ನಿಪ್ಪಾಣಿ ಬಸ್ಸಿಗೆ ಕಾಯುತ್ತಿದ್ದರು. ಅವರ ಮಾತು ಪಕ್ಕದಲ್ಲೇ ಕೂತಿದ್ದ ದ್ರಾಕ್ಷಿ ಬೆಳೆಗಾರ ಮುರಗೆಪ್ಪನ ಕಿವಿಗೆ ತಾನಾಗಿಯೇ ಬೀಳುತ್ತಿತ್ತು. ಮಗಳ ತೊಡೆಯ ಮೇಲೊಂದು ಎಲೆಕ್ಟ್ರಿಕ್ ಗಿಟಾರು. ಅದರ ತಲೆಯ ಹಿಂಬದಿಗೆ ಕಪ್ಪು ಟೇಪು ಅಂಟಿಸಿತ್ತು.

“ಅದನ್ಯಾಕ ಮುಚ್ಚೀದಿ, ಪೂನಮ?”

“ಮೇಡ್ ಇನ್ ಇಂಡೋನೇಷ್ಯಾ ಅಂತ ಬರದೈತಿ ಬೇ. ಅಮೆರಿಕಾದಾಗ ಮಾಡಿದ್ದಷ್ಟ ಅಸಲ್ ಅಂತ ಆರ್ಕೆಸ್ಟ್ರಾದವ್ರು ನಗತಾರ.”

“ಮುಂದ ಯಾರ ಹೆಸರೈತಿ?”

“ಅಮೆರಿಕಾ ಕಂಪನೀದು.”

“ಬಾರಿಸೂವಾಗ ಶ್ರುತಿ ಇಳೀತೈತೇನು?”

“ಇಲ್ಲ. ಮೊನ್ನಿ ಲಗ್ನದಾಗ ಅವರ ಅಮೆರಿಕಾದ್ದ ಇಳೀತು. ನಂದು ಜಗ್ಗಲಿಲ್ಲ.”

“ನಾವು ಅಥಣ್ಯಾಗ ಮಾಡೂ ಚಪ್ಪಲಿಗೆ ಮಂದಿ ಏನಂತಾರ?”

“ಕೊಲ್ಲಾಪುರಿ.”

“ನಿಮ್ಮಪ್ಪ ತೊಗಲ ಕೊಯ್ದು, ನಾ ಹೆಣದದ್ದು ನಕಲಿ ಏನು?”

ಪೂನಮ ಉಗುರು ಹಾಕಿ ಟೇಪನ್ನು ಕಿತ್ತಳು.

“ಯಾರರ ಕೇಳಿದ್ರ ಏನಂತಿ?”

“ಇಂಡೋನೇಷ್ಯಾದ್ದು ಅಂತೀನಿ. ಬಾರಿಸೂದ ಕೇಳಿ ನೋಡ್ರಿ, ಆಮ್ಯಾಲ ನಗ್ರಿ ಅಂತೀನಿ.”

ಬಸ್ ಬಂತು. ಅವರಿಗೆ ದಾರಿ ಬಿಡಲು ಮುರಗೆಪ್ಪ ಕಾಲು ಹಿಂದಕ್ಕೆಳೆದುಕೊಂಡ. ತಾಯಿಯ ಕಣ್ಣು ಅವನ ಚಪ್ಪಲಿಯ ಮೇಲೆ ನಿಂತಿತು.

“ಎಲ್ಲಿ ತಗೊಂಡ್ರಿ, ಅಣ್ಣಾರ?”

“ಕೊಲ್ಲಾಪುರದಾಗ್ರಿ,” ಎಂದ. ಕಂಡಕಂಡವರಿಗೆಲ್ಲ ಎದೆಯುಬ್ಬಿಸಿ ಹೇಳಿಕೊಂಡು ಬಂದ ಮಾತು ಇವತ್ತು ಬಾಯಲ್ಲೇ ತಡವರಿಸಿತು.

“ಪ್ಯಾಟಿ ಅವರದ್ರಿ,” ಎಂದು ಆಕೆ ನಗುತ್ತ ಬಸ್ ಹತ್ತಿದಳು, “ಹೆಣಿಗಿ ನಮ್ಮ ಓಣೀದು!”