ಪಕ್ಕದಲ್ಲಿ ಕೂರುವವರು

ನಮ್ಮ ನೈರೋಬಿ ಕನ್ನಡ ಬಳಗದ ಅಧ್ಯಕ್ಷರಾದ ವಾಮನ ರಾಯರೇ, ಇಂದು ನಾವು ಬೀಳ್ಕೊಡಲು ಸೇರಿರುವ ಡಾಕ್ಟರ್ ಫ್ಲಾವಿಯಾ ಲೋಬೋ ಅವರೇ, ವೇದಿಕೆಯ ಮೇಲಿರುವ ಹಿರಿಯರೇ, ಇಂಡಸ್ಟ್ರಿಯಲ್ ಏರಿಯಾದ ಲಾರಿಗಳ ನಡುವೆ ನುಸುಳಿ ತಡವಾಗಿಯಾದರೂ ಬಂದು ಸೇರಿದ ಸಭಿಕರೇ, ಮತ್ತು ಊಟ ಎಷ್ಟು ಹೊತ್ತಿಗೆ ಎಂದು ಆಗಲೇ ಹಿಂಬಾಗಿಲ ಕಡೆ ನೋಡುತ್ತಿರುವ ಮಿತ್ರರೇ, ನಿಮ್ಮೆಲ್ಲರಿಗೂ ಈ ಸದಾಶಿವನ ವಂದನೆಗಳು.

ಬೀಳ್ಕೊಡುಗೆಯ ಮಾತಿಗೆ ನನ್ನನ್ನೇ ಏಕೆ ಕರೆದರು? ವಾಮನ ರಾಯರು ಫೋನಿನಲ್ಲಿ ಹೇಳಿದ್ದು ಇಷ್ಟು: "ಸದಾಶಿವ, ನೀನು ಚೆನ್ನಾಗಿ ಮಾತಾಡ್ತೀಯ. ಅದೂ ಅಲ್ದೆ ಆ ಡಾಕ್ಟರ ಹತ್ರ ನಿನ್ನಷ್ಟು ಸಲ ಹೋದೋರು ಇನ್ಯಾರಿದ್ದಾರೆ ಹೇಳು?" ಎರಡನೆಯ ಮಾತು ನಿಜ. ಮೊದಲನೆಯದಕ್ಕೆ ಇಂದು ನಾನು ಹೊಣೆಯಲ್ಲ. ಸರಿಯಾಗಿ ನಿದ್ದೆ ಮಾಡಿ ಬಹಳ ದಿನವಾಯಿತು. ಮಾತು ಎಲ್ಲಿಗಾದರೂ ಹೋದರೆ ಹಿರಿಯರು ಕ್ಷಮಿಸಬೇಕು.

ಪಂಗಾನಿಯ ಆ ಪುಟ್ಟ ಕ್ಲಿನಿಕ್ಕನ್ನು ನೋಡದವರು ಈ ಸಭೆಯಲ್ಲಿ ಯಾರಿದ್ದಾರೆ? ಅಲ್ಲಿ ಬೈಸಿಕೊಳ್ಳದವರು ಯಾರಿದ್ದಾರೆ? ಮಗುವಿಗೆ ನೆಗಡಿ ಎಂದು ಮಧ್ಯಾಹ್ನ ಮೂರು ಸಲ ಫೋನ್ ಮಾಡಿದ ನಮ್ಮ ಸಂಕೇತನಿಗೆ ಇವರು, "ಎಂತ ಮಾರಾಯ್ರೇ, ಶೀತ ಆದದ್ದು ಮಗುವಿಗಾ, ನಿಮಗಾ?" ಎಂದು ಕೇಳಿದ್ದು ಬಳಗಕ್ಕೆಲ್ಲ ಗೊತ್ತು. ಸಂಕೇತ ನಗುತ್ತಿದ್ದಾನೆ ನೋಡಿ. ಬೈದರು, ಮದ್ದು ಕೊಟ್ಟರು, ಕೈಯಲ್ಲಿ ಕಾಸಿಲ್ಲದವರನ್ನು ಹಾಗೆಯೇ ಕಳಿಸಿದರು. ಬುಧವಾರ ಇವರು ಮಂಗಳೂರಿಗೆ ಹೊರಡುತ್ತಾರೆ. ನಮ್ಮ ಮಕ್ಕಳ ಪಾಲಿಗೆ ಇದು ದೊಡ್ಡ ನಷ್ಟ.

ಇಲ್ಲಿಗೆ ಮುಗಿಸಿ ಹಾರ ಹಾಕಿಬಿಡಬಹುದಿತ್ತು. ಆದರೆ ಸಭಿಕರೇ, ಒಂದು ವರ್ಷದಿಂದ ನಾನು ಈ ಡಾಕ್ಟರ ಮೇಲೆ ಸಿಟ್ಟಿನಲ್ಲಿದ್ದೇನೆ. ಸಿಟ್ಟಿಟ್ಟುಕೊಂಡು ಹೊಗಳುವುದು ನನಗೆ ಬರುವುದಿಲ್ಲ.

ನನ್ನ ಮಗಳು ಚೈತನ್ಯಾಳನ್ನು ನೀವೆಲ್ಲ ಬಲ್ಲಿರಿ. ಕಳೆದ ಯುಗಾದಿಗೆ ಈ ವೇದಿಕೆಯ ಪರದೆ ಹಿಡಿದು ಜೋತಾಡಿ ಕಂಬಿಸಮೇತ ಕೆಳಗೆ ಬಂದವಳು ಅವಳೇ. ಏಳು ವರ್ಷ. ಆ ಹೆಸರಿಟ್ಟವನು ನಾನೇ, ಆದ್ದರಿಂದ ಯಾರನ್ನೂ ದೂರುವಂತಿಲ್ಲ. ಕೂರಲಾರಳು, ಕಾಯಲಾರಳು, ಆಡುತ್ತಿರುವ ಮಾತನ್ನು ಅರ್ಧಕ್ಕೆ ಬಿಟ್ಟು ಎದ್ದು ಓಡುತ್ತಾಳೆ. ಸಿಟ್ಟು ಬಂದರೆ ಹೊಡೆಯುತ್ತಾಳೆ, ಆಮೇಲೆ ಹೊಡೆಸಿಕೊಂಡವರಿಗಿಂತ ಹೆಚ್ಚು ಅಳುತ್ತಾಳೆ. ಯಾಕಮ್ಮಾ ಹೀಗೆ ಮಾಡಿದೆ ಎಂದು ಒಮ್ಮೆ ಕೇಳಿದೆ. "ಡ್ಯಾಡಿ, ಐ ಟ್ರೈಡ್. ಮೈ ಲೆಗ್ಸ್ ಡೋಂಟ್ ಲಿಸನ್" ಎಂದಳು.

ಈ ಬಳಗ ನಮ್ಮ ಕೈ ಬಿಟ್ಟಿಲ್ಲ. ಸಲಹೆಗೆ ಬರವೇ ಇಲ್ಲ! ಬ್ರಾಹ್ಮಿ ಎಣ್ಣೆ ಹಚ್ಚಿ ಎಂದಿರಿ, ಹಚ್ಚಿದೆವು. ಸಕ್ಕರೆ ಬಿಡಿಸಿ ಎಂದಿರಿ, ಬಿಡಿಸಿದೆವು, ನಾಲ್ಕು ತಿಂಗಳು ನಾನೂ ಸಪ್ಪೆ ಕಾಫಿ ಕುಡಿದೆ. ಬಾದಾಮಿ ನೆನೆಸಿಡಿ, ಟೀವಿ ತೆಗೆಯಿರಿ, ಹೋಮ ಮಾಡಿಸಿ, ಇನ್ನೊಂದು ಮಗುವಾದರೆ ತಾನೇ ಸರಿಹೋಗುತ್ತಾಳೆ. ಒಬ್ಬ ಹಿರಿಯರು ನನ್ನನ್ನು ಪಕ್ಕಕ್ಕೆ ಕರೆದು, "ಎರಡು ಬಾರ್ಸಪ್ಪ, ಎಲ್ಲಾ ನೆಟ್ಟಗಾಗತ್ತೆ" ಎಂದರು. ದೊಡ್ಡವರು, ಪ್ರೀತಿಯಿಂದಲೇ ಹೇಳಿದರು. ಆ ಹೊತ್ತಿನಲ್ಲಿ ಚೈತನ್ಯಾ ಅವರ ಕಾರಿನ ಬಾನೆಟ್ಟಿನ ಮೇಲೆ ನಿಂತಿದ್ದಳು.

ಡಾಕ್ಟರು ಹಾಗೆಲ್ಲ ಹೇಳಲಿಲ್ಲ. ಇದು ಹಟವಲ್ಲ, ಸಾಕಿದವರ ತಪ್ಪೂ ಅಲ್ಲ, ಗಮನ ಒಂದೆಡೆ ನಿಲ್ಲದ ತೊಂದರೆ, ಎಂದರು. ಮದ್ದಿನ ಮಾತನ್ನು ಮೊದಲಿಗೆ ಎತ್ತಲೇ ಇಲ್ಲ. ಹೇಗೆ ಮಾತಾಡಬೇಕು, ಹೇಗೆ ಚಿಕ್ಕ ಚಿಕ್ಕ ಕೆಲಸ ಕೊಡಬೇಕು, ತರಗತಿಯಲ್ಲಿ ಎಲ್ಲಿ ಕೂರಿಸಬೇಕು, ಎಲ್ಲವನ್ನೂ ನಮಗೂ ಕಲಿಸಿದರು, ಶಾಲೆಯ ಟೀಚರಿಗೂ ಕಲಿಸಿದರು. ಸ್ವಲ್ಪ ಗುಣ ಕಂಡಿತು, ಸಾಲಲಿಲ್ಲ. ಕಳೆದ ವರ್ಷ ಒಂದು ದಿನ, "ಇನ್ನು ಮಾತ್ರೆ ಶುರು ಮಾಡಿ ನೋಡುವ" ಎಂದರು. ನಾನು ಆಗುವುದಿಲ್ಲ ಎಂದೆ.

ಈಗ ನೀವು ನಗಬಹುದು. ನಾನು ಯಾರು? ಮಾತ್ರೆ ಮಾಡುವ ಕಾರ್ಖಾನೆಯ ಗುಣಮಟ್ಟ ವಿಭಾಗದವನು. ನಾನು ಸಹಿ ಹಾಕದೆ ನಮ್ಮ ಗೇಟಿನಿಂದ ಒಂದು ಮಾತ್ರೆ ಹೊರಗೆ ಹೋಗುವುದಿಲ್ಲ. ಕಿಸುಮುವಿನಿಂದ ಮೊಂಬಾಸಾದವರೆಗೆ ಯಾರ ಯಾರ ಮಕ್ಕಳೋ ನನ್ನ ಸಹಿಯ ಮೇಲೆ ನಂಬಿಕೆಯಿಟ್ಟು ನುಂಗುತ್ತಾರೆ. ನನ್ನ ಮಗಳಿಗೆ ಒಂದು ಮಾತ್ರೆ ಎಂದಾಗ ಮಾತ್ರ ನನಗೆ ಅಡ್ಡ ಪರಿಣಾಮಗಳು ಬಾಯಿಪಾಠವಾಗಿ ಬಂದವು. ಹಸಿವು ಹೋಗುತ್ತದಂತೆ. ನಿದ್ದೆ ಹೋಗುತ್ತದಂತೆ. ಮಗು ಮಂಕಾದರೆ? ಅವಳ ನಗು ಹೋದರೆ? ಡಾಕ್ಟರು ಒಂದನ್ನೂ ಅಲ್ಲಗಳೆಯಲಿಲ್ಲ. "ಆಗ್ಬಹುದು. ಅದಕ್ಕೇ ಕಮ್ಮಿಯಿಂದ ಶುರು ಮಾಡುದು, ತೂಕ ನೋಡುದು, ಸರಿ ಕಾಣದಿದ್ರೆ ನಿಲ್ಲಿಸುದು. ಇದು ತಾಳಿ ಕಟ್ಟಿದ ಹಾಗಲ್ಲ ಮಾರಾಯ್ರೇ, ಬಿಡ್ಲಿಕ್ಕೆ ಆಗ್ತದೆ" ಎಂದರು. ನಾನು ಅದಕ್ಕೂ ನಗಲಿಲ್ಲ.

ನನ್ನ ಕೊನೆಯ ಅಸ್ತ್ರ ಬೇರೆಯೇ ಇತ್ತು. ಡಾಕ್ಟ್ರೇ, ನಾನೂ ಚಿಕ್ಕವನಿದ್ದಾಗ ಹೀಗೇ ಇದ್ದೆ, ಯಾವ ಮಾತ್ರೆಯೂ ಇಲ್ಲದೆ ಸರಿಹೋದೆ, ಓದಿದೆ, ಇಲ್ಲಿಯವರೆಗೆ ಬಂದೆ, ಎಂದೆ. ಕಮಲಾಗೂ ಇದನ್ನೇ ಹೇಳುತ್ತಿದ್ದೆ, ಪ್ರತಿ ರಾತ್ರಿ. ನನ್ನ ಹೆಂಡತಿ ಜಗಳವಾಡುವವಳಲ್ಲ. "ಆಯ್ತು ರೀ" ಎಂದು ಮಲಗುತ್ತಿದ್ದಳು.

ಹೋದ ವಾರ ಶಾಲೆ ಬಿಡುವ ಹೊತ್ತಿಗೆ ಚೈತನ್ಯಾ ಕಮಲಾಳ ಕೈ ಕೊಸರಿಕೊಂಡು ಓಡಿದಳು. ರಸ್ತೆಯಾಚೆಯ ಮರದಲ್ಲಿ ಒಂದು ಮರಬು ಹಕ್ಕಿ ಕೂತಿತ್ತಂತೆ, ಅದನ್ನು ಹತ್ತಿರದಿಂದ ನೋಡಬೇಕಿತ್ತಂತೆ. ಮಟಾಟು ಬಸ್ಸೊಂದು ಕಿರುಚಿಕೊಂಡು ನಿಂತಿತು. ಬಂಪರಿಗೂ ಅವಳಿಗೂ ನಡುವೆ ಒಂದು ಗೇಣು. ಕಂಡಕ್ಟರ್ ಇಳಿದು ಮಗುವನ್ನು ಎತ್ತಿ ತಂದು ಕಮಲಾಳ ಕೈಗೆ ಕೊಟ್ಟು, ಬಾಯಿಗೆ ಬಂದಂತೆ ಬೈದನಂತೆ. ಕಮಲಾ ಅವನಿಗೆ "ಅಸಾಂಟೆ, ಅಸಾಂಟೆ" ಎನ್ನುತ್ತಲೇ ಇದ್ದಳಂತೆ. ಬೈಗುಳಕ್ಕೆ ಧನ್ಯವಾದ. ನಾನು ಆಗ ಕಾರ್ಖಾನೆಯಲ್ಲಿದ್ದೆ.

ಕಮಲಾಳಿಂದ ವಿಷಯ ತಿಳಿದು ಆ ಸಂಜೆ ಡಾಕ್ಟರು ಫೋನ್ ಮಾಡಿದರು. "ಶನಿವಾರದ ಒಳಗೆ ಹೌದು ಅಥವಾ ಅಲ್ಲ, ಎಂತಾದ್ರೂ ಒಂದು ಹೇಳಿ. ಹೌದಾದ್ರೆ ನನ್ನ ಜಾಗಕ್ಕೆ ಬರುವವರಿಗೆ ಮಗುವಿನ ವಿಷಯ ಎಲ್ಲ ಹೇಳಿ ಹೋಗ್ತೇನೆ" ಎಂದರು. ಶನಿವಾರ ಎಂದರೆ ಇವತ್ತು, ಸಭಿಕರೇ. ನಾನು ಇನ್ನೂ ಹೇಳಿಲ್ಲ. ಇವರು ಸನ್ಮಾನ ಮಾಡಿಸಿಕೊಳ್ಳಲು ಕೂತಿದ್ದಾರೆ, ನಾನು ಉತ್ತರ ಬಾಕಿ ಇಟ್ಟುಕೊಂಡು ಇವರನ್ನು ಹೊಗಳಲು ನಿಂತಿದ್ದೇನೆ.

ನನ್ನ ಪರವಾಗಿ ಒಬ್ಬರಾದರೂ ಇರಲಿ ಎಂದು ಅರಸೀಕೆರೆಗೆ, ನಮ್ಮ ವಿಜಿ ಅಕ್ಕನಿಗೆ, ಫೋನ್ ಮಾಡಿದೆ. ಅಕ್ಕಾ, ನಾನೂ ಹೀಗೇ ಇದ್ದೆ ತಾನೆ, ತಾನಾಗೇ ಸರಿಹೋಗಲಿಲ್ವಾ, ನೀನೇ ಕಮಲಾಗೆ ಒಂದು ಮಾತು ಹೇಳು, ಎಂದೆ.

ಅಕ್ಕ ನಕ್ಕಳು. "ತಾನಾಗೇ? ಎಲ್ಲಿ ತಾನಾಗೇ ಸರಿಹೋದ್ಯೋ ಸದಾ? ನಾನು ಕೂತಿದ್ನಲ್ಲೋ ನಿನ್ ಪಕ್ಕದಲ್ಲಿ!"

ನಿಜ ಸಭಿಕರೇ. ಕೂತಿದ್ದಳು. ನಾನು ಕಿಟಕಿ ಹಾರಿ ಓಡುತ್ತೇನೆಂದು ಹೆಡ್ ಮಾಸ್ತರು, ಯಾರಾದರೂ ಜೊತೆಗೆ ಕೂರುವುದಾದರೆ ಹುಡುಗ ಇರಲಿ, ಇಲ್ಲದಿದ್ದರೆ ಕರೆದುಕೊಂಡು ಹೋಗಿ, ಎಂದಿದ್ದರು. ಅಕ್ಕ ಆಗಷ್ಟೇ ಏಳನೇ ತರಗತಿ ಪಾಸಾಗಿದ್ದಳು. ಹೆಣ್ಣುಮಗಳು, ಇಷ್ಟು ಓದಿದ್ದು ಸಾಕು ಎಂದು ಅಪ್ಪ ಅವಳನ್ನು ನನ್ನ ಬೆಂಚಿಗೆ ಕಳಿಸಿದರು. ಚಿಕ್ಕ ಮಕ್ಕಳ ನಡುವೆ ಆ ದೊಡ್ಡ ಹುಡುಗಿ ನನ್ನ ಅಂಗಿಯ ತುದಿ ಹಿಡಿದುಕೊಂಡು ಕೂರುತ್ತಿದ್ದಳು. ಬಳಪ ಹಿಡಿಸಿದಳು, ಮಗ್ಗಿ ಹೇಳಿಸಿದಳು, ಎದ್ದರೆ ಎಳೆದು ಕೂರಿಸಿದಳು. ನಾನು ಕೂರುವುದನ್ನು ಕಲಿಯುವ ಹೊತ್ತಿಗೆ ಅವಳ ಮದುವೆ ಗೊತ್ತಾಗಿತ್ತು. ಇದನ್ನು ಹೇಳಬೇಕೆಂದು ನಾನು ಇಲ್ಲಿಗೆ ಬಂದಿರಲಿಲ್ಲ.

ಅಕ್ಕ ಬೇಸರ ಮಾಡಿಕೊಳ್ಳದೆಯೇ ಹೇಳಿದಳು: "ಅವಾಗ ಅಂಥದೊಂದು ಮಾತ್ರೆ ಸಿಕ್ಕಿದ್ರೆ ನಾನು ಎಂಟನೇ ಕ್ಲಾಸಿಗೆ ಹೋಗ್ತಿದ್ದೆ ಕಣೋ." ಆಮೇಲೆ ಕೇಳಿದಳು: "ಅಲ್ಲಿ ಆ ಮಗು ಪಕ್ಕದಲ್ಲಿ ಯಾರು ಕೂತಿರೋದು?"

ಉತ್ತರ ನಿಮಗೆಲ್ಲ ಗೊತ್ತು. ಕಮಲಾ ಮೈಸೂರಿನಲ್ಲಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದವಳು, ಇಲ್ಲಿಯೂ ಕೆಲಸ ಸಿಕ್ಕಿತ್ತು. ಈಗ ಎರಡನೇ ತರಗತಿಯ ಬಾಗಿಲ ಹೊರಗೆ ಒಂದು ಸ್ಟೂಲಿನ ಮೇಲೆ ಕೂರುತ್ತಾಳೆ. ಮನೆಗೆಲಸಕ್ಕೆ ಬಂದ ಮೇರಿ ತಿಂಗಳು ತುಂಬುವ ಮೊದಲೇ, "ಮಮಾ, ನಿಮೆಚೋಕಾ", ನನಗೆ ಸುಸ್ತಾಯಿತು, ಎಂದು ಹೇಳಿ ಹೊರಟುಹೋದಳು. ಮೇರಿಗೆ ಹಾಗೆ ಹೇಳಿ ಹೋಗಲು ಒಂದು ಮನೆಯಿತ್ತು. ನನಗೆ ಸುಸ್ತಾದರೆ ನನಗೊಂದು ಕಾರ್ಖಾನೆಯಿದೆ, ಹೋಗಿ ಕೂರುತ್ತೇನೆ. ಕಮಲಾ ಎಲ್ಲಿಗೆ ಹೋಗಬೇಕು?

ಮಗಳಿಗೂ ಏನು ಸುಖವಿದೆ? ನಮ್ಮ ಸೌತ್ ಬಿ ಬಡಾವಣೆಯಲ್ಲಿ ಅವಳನ್ನು ಹುಟ್ಟುಹಬ್ಬಕ್ಕೆ ಕರೆಯುವವರಿಲ್ಲ. ಅವಳ ನಗು ಹೋದೀತು ಎಂದು ವಾದ ಮಾಡುತ್ತಿದ್ದೆನಲ್ಲ, ಅದು ಹೋಗಿ ಆಗಲೇ ಬಹಳ ದಿನವಾಗಿದೆ. ಮಾತ್ರೆ ಕೊಟ್ಟರೆ ಜನ ಏನನ್ನುತ್ತಾರೋ, ಈ ಸಭೆ ಏನನ್ನುತ್ತದೋ ಎಂಬುದೂ ನನ್ನ ಹೆದರಿಕೆಯಲ್ಲಿ ಸೇರಿತ್ತು. ಈಗ ಸಭೆಗೇ ಹೇಳಿಬಿಟ್ಟೆ, ಇನ್ನೇನು ಉಳಿಯಿತು!

ಡಾಕ್ಟ್ರೇ, ಹೌದು. ಸೋಮವಾರ ಬೆಳಗ್ಗೆ ಶುರು ಮಾಡುತ್ತೇವೆ. ನೀವು ಹೇಳಿದ ಹಾಗೆ ಕಡಿಮೆಯಿಂದ. ತೂಕ ನೋಡುತ್ತೇವೆ, ನಿದ್ದೆ ನೋಡುತ್ತೇವೆ, ಸರಿ ಕಾಣದಿದ್ದರೆ ನಿಲ್ಲಿಸುತ್ತೇವೆ. ನನಗೆ ಹೆದರಿಕೆ ಹೋಗಿಲ್ಲ. ಹೆದರಿಕೊಂಡೇ ಕೊಡುತ್ತೇನೆ. ನೀವು ಇಲ್ಲಿಯ ನಮ್ಮ ಮಕ್ಕಳಿಗೆ ಮಾಡಿದ್ದಕ್ಕೆ, ಒಂದು ವರ್ಷ ನನ್ನ ಸಿಟ್ಟು ತಡೆದುಕೊಂಡಿದ್ದಕ್ಕೆ, ಬಳಗದ ಪರವಾಗಿ, ನನ್ನ ಪರವಾಗಿ ಧನ್ಯವಾದಗಳು.

ಕಮಲಾ ಈಗಲೂ ಹೊರಗೆ ಪಾರ್ಕಿಂಗಿನಲ್ಲಿ ಮಗಳ ಹಿಂದೆ ಓಡಾಡುತ್ತಿದ್ದಾಳೆ. ನಾನು ಈ ವೇದಿಕೆಯಲ್ಲಿ ಎಷ್ಟೋ ಭಾಷಣ ಮಾಡಿದ್ದೇನೆ, ಅವಳು ಒಂದನ್ನೂ ಒಳಗೆ ಕೂತು ಕೇಳಿಲ್ಲ. ನಾನೀಗ ಹೊರಗೆ ಹೋಗಿ ಅವಳನ್ನು ಒಳಗೆ ಕಳಿಸುತ್ತೇನೆ. ಹಾರ ಅವಳ ಕೈಯಲ್ಲಿ ಹಾಕಿಸಿ. ದಯವಿಟ್ಟು ಯಾರೂ ಅವಳಿಗೆ ಸಲಹೆ ಕೊಡಬೇಡಿ, ಕೂರಲು ಒಂದು ಕುರ್ಚಿ ಕೊಡಿ. ಎಲ್ಲರಿಗೂ ನಮಸ್ಕಾರ.