ನಲವತ್ತರ ಮ್ಯಾಲೆ ಹೋಗಂಗಿಲ್ಲ

...ಯಾಕ ನಗ್ತಿ? ನಲವತ್ತರಾಗ ಹೋದ್ರ ಗಾಡಿ ಹೊಡದಂಗಲ್ಲೇನು? ನಗು, ನಗು. ನಿನ್ನ ಹೊಸಾ ಗಾಡಿ ಹಾರತೈತಿ, ಗೊತ್ತೈತಿ. ಟರ್ಬೊ ಐತಿ, ಪಿಕಪ್ ಐತಿ, ತಲಿ ಮ್ಯಾಲೆ ಗಾಜಿನ ಕಿಟಕಿ ಐತಿ. ಬಳ್ಳಾರಿ ಬಿಸಲಾಗ ತಲಿ ಮ್ಯಾಲೆ ಕಿಟಕಿ! ಯಾರು ತಗೀತಾರಲೇ ಅದನ್ನ? ಕೆಟ್ರ ಕಂಪ್ಯೂಟರ್ ಹಚ್ಚಬೇಕು. ನಂದು ಕೆಟ್ರ ಗಿಡದ ನೆಳ್ಳಾಗ ರಿಪೇರಿ.

ಮಾತು ಮಾತೇ, ಕರಿಬಸವ. ಬಳ್ಳಾರಿ ಬಂಕಿನಾಗ ಟಾಕಿ ತುಂಬಿಸೀವಿ, ಬಾಯಿತನಕ. ಸಿರುಗುಪ್ಪದಾಗ ಮತ್ತ ತುಂಬಿಸ್ತೀವಿ. ಲೀಟರಿಗೆ ಇಪ್ಪತ್ತು ಬಂತೋ, ಗಾಡಿ ಉಳೀತೈತಿ, ನಾ ಹೊಡೀತೀನಿ. ಬರಲಿಲ್ಲೋ, ಮಾರ್ತೀನಿ. ಡೀಸೆಲ್ ಬಾಳ ಕುಡೀತೈತಿ ಅಂತ ತಾನೇ ಮನ್ಯಾಗ ನಿಮ್ಮಕ್ಕ ಪಂಪಾವತಿ ಮಾರು ಮಾರು ಅನ್ನೋದು?

...ಏನು? ನಿಮ್ಮಕ್ಕ ಡೀಸೆಲ್ ಸುದ್ದೀನೇ ಎತ್ತಲಿಲ್ಲ? ಮತ್ತೇನಂದ್ಲು?

...ಬಿಡು. ಹೇಳದಿದ್ರ ಬಿಡು.

ಹೆದ್ದಾರಿ ಯಾಕ ಬಿಟ್ಟೆ ಅಂದ್ರ... ಹೆದ್ದಾರ್ಯಾಗ ಬರೇ ಲಾರಿ. ಬ್ರೇಕು, ಗೇರು, ಬ್ರೇಕು, ಗೇರು. ಮೈಲೇಜು ಎಲ್ಲಿಂದ ಬರಬೇಕು? ಕುರುಗೋಡು ಸುತ್ತು ಆದ್ರೂ ದಾರಿ ಖಾಲಿ. ಪೆಡಲ್ ಮ್ಯಾಲೆ ಕಾಲು ಇಟ್ಟಂಗೂ ಇರಬೇಕು, ಇಡದಂಗೂ ಇರಬೇಕು. ಅದು ಗಾಡಿ ಹೊಡಿಯೋದು.

ಮೀಟರ್? ನಾ ಯಾಕ ನೋಡಲಿ? ಇಂಜಿನ್ನೇ ಹೇಳತೈತಿ, ಕಿವಿ ಇದ್ದಾವಗ. ನೀನೇ ನೋಡು, ಎಷ್ಟೈತಿ? ...ನಲವತ್ತು. ಹೇಳಿದ್ನಿಲ್ಲ?

ಎದುರಿಗೆ ಒಂದು ಬರಾಕ್ಹತ್ತೈತಿ. ಲಾರಿ. ...ಬಸ್ಸೇನು? ಹೂಂ, ಬಸ್ಸು. ನಾನೂ ಅದನ್ನೇ ಅಂದೆ. ಆ ಬೋರ್ಡಿನ ಮ್ಯಾಲೆ ಏನು ಬರದೈತಿ, ಓದು. ಓದಲೇ, ಸಾಲಿ ಕಲ್ತಾವ ನೀನು! ...ಮುಂದ ಉಬ್ಬು ಐತಾ? ಹೇಳಿದ್ದು ಚಲೋ ಆತು. ಉಬ್ಬಿಗೆ ಗುದ್ದಿದ್ರ ಮೈಲೇಜು ಹೋತು.

ಯಾಕ ಹಂಗ ನನ್ನ ಮಾರಿ ನೋಡ್ತಿ? ದಾರಿ ನೋಡು.

ಏನಾರ ಮಾತಾಡು. ಕುರುಗೋಡು ದಾಟಿದಾಗಿಂದ ಬಾಯಿ ಕಟ್ಟಿದಂಗ ಕುಂತೀ. ಸೋಲ್ತೀನಿ ಅಂತ ಅಂಜಿಕೇನು?

...ಎದುರಿಗೆ ಏನಾರ ಐತಾ? ಕರಿಬಸವ? ಒಂದ್ಸಲ ಹೂಂ ಅನ್ನು.

ದಾರಿ ಹಳದಿ ಕಾಣತೈತಿ. ಬಿಸಲು. ಹೌದು, ಬಿಸಲೇ.

ಇದ್ಯಾಕ ಸಪ್ಪಳ ಬದಲಾತು? ಚರಚರ ಅಂತೈತಿ... ಜಲ್ಲಿ ಹಾಕ್ಯಾರೇನು? ಹೇಳಬಾರದೇನಲೇ ನೀನು... ಲೇ! ಲೇ! ಹೋಗೋ ಗಾಡಿಗೆ ಹ್ಯಾಂಡ್ ಬ್ರೇಕ್ ಎಳೀತಾರೇನು! ತಲಿ ಕೆಟ್ಟೈತೇನು ನಿನಗ? ಎಲ್ಲಿಗೆ ಇಳದಿ? ಬಾಗಲಾ ಹಾಕು!

ಮುಂದ ನಿಂತು ಏನು ನೋಡ್ತಿ? ಗಾಡಿಗೆ ಏನೂ ಆಗಿಲ್ಲ. ಬಾ, ಕುಂದ್ರು. ...ಯಾಕ ಅಲ್ಲಾಡವಲ್ಲಿ? ಹಂಗ ಕೈ ಅಗಲ ಮಾಡಿ ನಿಂತ್ರ ಏನು ಅರ್ಥ? ನಿನಗೇ ಅನ್ನಾಕ್ಹತ್ತೀನಿ, ಕರಿಬಸವ...

...ಹೆಣ್ಮಗಳ ದನಿ.

ಯಾರವ್ವಾ ನೀನು?

ಜಲ್ಲಿ ಅಲ್ಲಾ... ನೆಲ್ಲು? ಒಣಗಾಕ ಹಾಕಿದ್ಯಾ? ಕಾಲಿಲೆ ಕೆದರಾಕ್ಹತ್ತಿದ್ದಿ... ಗಾಡಿ ನಿನ್ನ ಸೀರಿಗೆ ತಾಗಿ ನಿಂತೈತಾ? ಪೆಟ್ಟು... ಪೆಟ್ಟು ಆಗಿಲ್ಲಲ್ಲವ್ವಾ? ...ಗಾಡಿ ಬರಬಾರದಂತ ಬದೀಗೆ ಕಲ್ಲು ಇಟ್ಟಿದ್ದಿ? ಸಾಲಾಗಿ? ಅಷ್ಟು ದೊಡ್ಡ ಕಲ್ಲು... ಬೈ. ಬೈಯವ್ವಾ, ನಿಂದೇನೂ ತಪ್ಪಿಲ್ಲ.

ಕರಿಬಸವ! ನೀ ಒಂದು ಮಾತು ಅಂದಿದ್ರ ಹಿಂಗ ಆಗತಿದ್ದಿಲ್ಲ. ಬಸ್ಸು ಅಂದಿ, ಉಬ್ಬು ಅಂದಿ. ಇಲ್ಲೇ ಯಾಕ ಸುಮ್ಕಾದಿ? ...ಬೇಕಂತ ಸುಮ್ಕಾದ್ಯಾ? ನನಗ ಕಾಣತೈತೋ ಇಲ್ಲೋ ನೋಡಾಕ?

ಇದನ್ನೇ ಅಂದಿದ್ಲೇನು ನಿಮ್ಮಕ್ಕ?

ಎಲ್ಲಿ ಅದಿ? ಮಾತಾಡು. ಆ ಕಡೆ ಇದ್ದೀಯೋ... ಹಿಂದ ಹೋದ್ಯೋ... ಲೇ ಕರಿಬಸವ, ಒಂದು ಸಲ ಕೆಮ್ಮರ ಕೆಮ್ಮು...

...ಇದು ನಿನ್ನ ಕೈಯೇನು? ನನ್ನ ಹೆಗಲ ಮ್ಯಾಲೆ?

ಎಷ್ಟೊತ್ತಿಂದ ನನ್ನ ಬಾಗಲದಾಗೇ ನಿಂತೀಯೋ?

ಹೂಂ.

ಗಟ್ಟಿ ಹಿಡಿ. ಇಳೀತೀನಿ.